ಹಿತ್ತಲಿನ ಅಂಗಳಕ್ಕೆ ಇಂಟರ್‌ಲಾಕ್: ಮೂರು ಎಸ್ಟಿಮೇಟುಗಳಲ್ಲಿ ಯಾವುದನ್ನು ಒಪ್ಪಲಿ?

ಹಿತ್ತಲಬಾಗಿಲು (ಬ್ರಹ್ಮಾವರ)

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಸಮೀಪ ಹನ್ನೆರಡು ವರ್ಷದ ಹಿಂದೆ ಕಟ್ಟಿದ ನಮ್ಮ ಮನೆಯಲ್ಲಿ, ಅಡುಗೆಮನೆಯ ಹಿಂಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಸಿಗುವ ಜಾಗ ಗೋಡೆಯುದ್ದಕ್ಕೆ 30 ಅಡಿ, ಗೋಡೆಯಿಂದ ಆಚೆಗೆ 20 ಅಡಿ, ಒಟ್ಟು 600 ಚದರ ಅಡಿ ಇದೆ. ಇಷ್ಟು ವರ್ಷ ಅದು ಮಣ್ಣಿನ ಅಂಗಳವಾಗಿಯೇ ಉಳಿದಿದೆ. ದೀಪಾವಳಿ ಕಳೆದ ಮೇಲೆ ಹುಲ್ಲು ಕೆತ್ತಿ, ಮಣ್ಣು ತಟ್ಟಿ, ಸೆಗಣಿ ಸಾರಿಸಿ ಅಂಗಳ ಮಾಡುವ ಕ್ರಮವನ್ನು ಅಮ್ಮ ಮೊನ್ನೆಮೊನ್ನೆಯವರೆಗೂ ಬಿಟ್ಟಿರಲಿಲ್ಲ. ಈಗ ಅವರ ಸೊಂಟ ಒಪ್ಪುವುದಿಲ್ಲ, ಕೆಲಸಕ್ಕೆ ಜನವೂ ಸಿಗುವುದಿಲ್ಲ. ಮಳೆಗಾಲದಲ್ಲಂತೂ ಒಗೆಯುವ ಕಲ್ಲಿನವರೆಗೆ ಹೋಗಬೇಕಾದರೆ ಕೆಸರಿನ ಮೇಲೆ ಇಟ್ಟ ನಾಲ್ಕು ಕೆಂಪುಕಲ್ಲುಗಳನ್ನು ತುಳಿದುಕೊಂಡೇ ದಾಟಬೇಕು. ಕಳೆದ ಜುಲೈಯಲ್ಲಿ 76 ವರ್ಷದ ಅಪ್ಪಯ್ಯ ಅದರಲ್ಲೊಂದರ ಮೇಲೆ ಜಾರಿ ಮುಂಗೈ ಮುರಿದುಕೊಂಡರು. ಈ ವರ್ಷ ನೆಲ ಹಾಸಿಯೇ ಬಿಡುವುದೆಂದು ಅಂದೇ ತೀರ್ಮಾನವಾಯಿತು.

ಇನ್ನೊಂದು ಕಾರಣವೂ ಇದೆ. ಏಪ್ರಿಲ್ ಕೊನೆಗೆ ಮಗಳ ಮದುವೆ. ಮದುವೆ ಹಾಲ್‌ನಲ್ಲಿ ನಡೆದರೂ ಹಿಂದಿನ ದಿನದ ಮೆಹಂದಿ ಮನೆಯಲ್ಲೇ ಆಗಬೇಕೆಂದು ಅವಳ ಹಟ. ಹಾಗಾಗಿ ಮಾರ್ಚ್ ಒಳಗೆ ಕೆಲಸ ಮುಗಿಯಬೇಕು.

ಜಾಗದ ಸ್ಥಿತಿಯನ್ನೂ ಹೇಳುತ್ತೇನೆ. ಬಾಗಿಲಿನಿಂದ ಎಡಕ್ಕೆ ಇರುವ ಅರ್ಧ ಭಾಗ ಗಟ್ಟಿ ಮುರ (ಕೆಂಪುಕಲ್ಲಿನ ನೆಲ). ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಬಲಕ್ಕಿರುವ ಅರ್ಧ ಮೊದಲು ಗದ್ದೆಯ ಅಂಚಾಗಿದ್ದು, ಮನೆ ಕಟ್ಟುವಾಗ ಸುಮಾರು ಮೂರು ಅಡಿ ಮಣ್ಣು ತುಂಬಿಸಿದ್ದೆವು. ಒಂದು ಮೂಲೆಯಲ್ಲಿ ಮಾವಿನ ಮರ, ನಡುವೆ ಒಂದು ತೆಂಗು, ಶೌಚ ಗುಂಡಿಗೆ ಹೋಗುವ ಪೈಪಿನ ಒಂದು ಚೇಂಬರ್, ಅಂಗಳದ ಆಚೆ ಅಂಚಿನಿಂದ ಹದಿನೈದು ಅಡಿ ದೂರದಲ್ಲಿ ಬಾವಿ.

ಮೂವರನ್ನು ವಿಚಾರಿಸಿದೆ. ಮೊದಲನೆಯವರು ಜಾಗ ನೋಡಲು ಬರಲೇ ಇಲ್ಲ; ಫೋನಿನಲ್ಲೇ ಚದರ ಅಡಿಗೆ 62 ರೂಪಾಯಿ, ‘ಎಲ್ಲ ಸೇರಿ’ ಎಂದರು. ಎರಡನೆಯವರು ಬಂದು ಟೇಪು ಹಿಡಿದು ಅಳೆದು, ಒಂದು ಹಾಳೆಯಲ್ಲಿ ಬರೆದುಕೊಟ್ಟರು: 60 ಮಿ.ಮೀ. ದಪ್ಪದ ಇಂಟರ್‌ಲಾಕ್ (ಒಂದಕ್ಕೊಂದು ಕೂಡುವಂತೆ ಜೋಡಿಸುವ ಕಾಂಕ್ರೀಟ್ ಬಿಲ್ಲೆ), ಅಡಿಗೆ 88 ರೂಪಾಯಿ. ಮೂರನೆಯವರು ಮೊಬೈಲಿನಲ್ಲಿ ಬಹಳ ಚೆಂದದ ಚಿತ್ರಗಳನ್ನು ತೋರಿಸಿ, ಚಪ್ಪಡಿ ಕಲ್ಲುಗಳ ನಡುವೆ ಹುಲ್ಲು ಬರುವಂತೆ ಮಾಡಿಕೊಡುತ್ತೇವೆ, ಅಡಿಗೆ 135 ರೂಪಾಯಿ, ಅರ್ಧ ಹಣ ಮುಂಗಡ ಎಂದರು. ಮೊದಲ ಇಬ್ಬರ ನಡುವೆಯೇ 15,600 ರೂಪಾಯಿಯ ವ್ಯತ್ಯಾಸವಿದೆ. ಹಾಸುವುದು ಅದೇ ಇಂಟರ್‌ಲಾಕ್ ಆದರೆ ಇಷ್ಟು ಹೆಚ್ಚು ಯಾವುದಕ್ಕೆ? ಕರಾರಿನಲ್ಲಿ ಏನೆಲ್ಲ ಬರೆಸಿಕೊಳ್ಳಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ನೀರುಮಟ್ಟ (ಮಣಿಪಾಲ)

ಮೂವತ್ತು ವರ್ಷ ಸೈಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಬಿಲ್ಲೆಗಳ ವಿಚಾರವನ್ನು ಕೊನೆಗೆ ನೋಡೋಣ. ಮೊದಲು ಆ 600 ಚದರ ಅಡಿಯ ಮೇಲೆ ಬೀಳುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ. ಹವಾಮಾನ ಇಲಾಖೆ 24 ಗಂಟೆಯಲ್ಲಿ 115.6 ಮಿ.ಮೀ. ಮುಟ್ಟಿದ ಮಳೆಯನ್ನು ಅತಿ ಭಾರೀ ಮಳೆ ಎನ್ನುತ್ತದೆ, ಮತ್ತು ಅಂಥ ದಿನಗಳು ನಮ್ಮ ಕರಾವಳಿಗೆ ಹೊಸತಲ್ಲ. ಅಂಥ ಒಂದು ದಿನ ನಿಮ್ಮ ಅಂಗಳದ ಮೇಲೆ ಬೀಳುವ ನೀರು ಸುಮಾರು 6,400 ಲೀಟರ್. ಮನೆಯ ಮಾಡಿನಲ್ಲಿ (ಛಾವಣಿಯಲ್ಲಿ) 900 ಚದರ ಅಡಿ ಹಿಂಬದಿಗೆ ಇಳಿಯುತ್ತದೆ ಎಂದಿಟ್ಟುಕೊಂಡರೆ ಅಲ್ಲಿಂದ ಇನ್ನೂ ಒಂಬತ್ತೂವರೆ ಸಾವಿರ ಲೀಟರ್ ಬರುತ್ತದೆ. ಮಣ್ಣಿನ ಅಂಗಳ ಅದರಲ್ಲಿ ಒಂದಿಷ್ಟನ್ನು ಕುಡಿಯುತ್ತಿತ್ತು. ಕಾಂಕ್ರೀಟಿನ ಬಿಲ್ಲೆ ಹಾಸಿದ ಮೇಲೆ ಬಹುಪಾಲು ಮೇಲಿನಿಂದಲೇ ಹರಿಯುತ್ತದೆ. ಆದ್ದರಿಂದ ಮಾಡಿನ ನೀರನ್ನು ದಂಬೆಯಲ್ಲಿ (ಮಾಡಿನ ಅಂಚಿನ ನೀರುದೋಣಿಯಲ್ಲಿ) ಹಿಡಿದು, ಪೈಪಿನ ಮೂಲಕ ಅಂಗಳದ ಕೆಳಗಿನಿಂದಲೇ ತೋಡಿಗೋ ಇಂಗುಗುಂಡಿಗೋ ಒಯ್ಯುವ ವ್ಯವಸ್ಥೆಯನ್ನು ನೆಲ ಹಾಸುವ ಮೊದಲೇ ಮಾಡಿಕೊಳ್ಳಿ. ಅಂಗಳದ ಮೇಲೆ ಹರಿದ ನೀರನ್ನು ನೇರವಾಗಿ ಬಾವಿಗೆ ಬಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಒಗೆಯುವ ಕಲ್ಲಿನ ಸಾಬೂನು, ಹಕ್ಕಿ ನಾಯಿಗಳ ಹೊಲಸು ಎಲ್ಲವೂ ಅದರೊಂದಿಗೆ ಹೋಗುತ್ತದೆ.

ಇಳಿಜಾರು ಮನೆಯ ಗೋಡೆಯಿಂದ ಆಚೆಗೇ ಇರಬೇಕು. 60 ಅಡಿಗೆ ಒಂದು ಅಡಿ ಎಂಬುದು ನಾನು ಪಾಲಿಸುತ್ತಿದ್ದ ಅಳತೆ. ನಿಮ್ಮ 20 ಅಡಿಗೆ ಅದು ಸರಿಯಾಗಿ ನಾಲ್ಕು ಇಂಚು ಬರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕುರ್ಚಿ ಇಟ್ಟರೆ ಓಲುವುದಿಲ್ಲ, ನೀರು ಮಾತ್ರ ನಿಲ್ಲದೆ ಹೋಗುತ್ತದೆ. ಗೋಡೆಯ ಪಕ್ಕದಲ್ಲಿ ಹಾಸಿದ ನೆಲ ಅಡುಗೆಮನೆಯ ನೆಲಕ್ಕಿಂತ ಕನಿಷ್ಠ ಆರು ಇಂಚು ತಗ್ಗಿರಲಿ. ಬಾಗಿಲಿನ ಮೆಟ್ಟಿಲು ಒಂದು ಕಡಿಮೆಯಾದರೆ ಅಪ್ಪಯ್ಯನಿಗೆ ಅನುಕೂಲ ಎಂದು ನಿಮಗೆ ಅನ್ನಿಸಬಹುದು, ಆದರೆ ಹೊಸ್ತಿಲಿನ ಮಟ್ಟಕ್ಕೆ ಅಂಗಳ ಏರಿಸಿದ ಮನೆಗಳಲ್ಲಿ ಜೂನ್ ತಿಂಗಳಲ್ಲಿ ಗೋಡೆಯ ಕೆಳಭಾಗದ ಬಣ್ಣ ಹೊಪ್ಪಳೆ ಏಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಮೆಟ್ಟಿಲಿಗೆ ಹಿಡಿಕೆ ಹಾಕಿಸಿ.

ಈಗ 62ಕ್ಕೂ 88ಕ್ಕೂ ನಡುವಿನ 26 ರೂಪಾಯಿಯ ಲೆಕ್ಕ. ಬಿಲ್ಲೆ ಎರಡೂಕಾಲು ಇಂಚು ಚಿಲ್ಲರೆ, ಅದರ ಕೆಳಗೆ ಒಂದೂವರೆ ಇಂಚಿನ ಹಾಸು, ಅದರ ಕೆಳಗೆ ಆರು ಇಂಚು ಜಲ್ಲಿಯ ಗಟ್ಟಿ ತಳ. ಒಟ್ಟು ಹತ್ತು ಇಂಚು ಅಗೆಯಬೇಕು. 600 ಚದರ ಅಡಿಗೆ ಅದು 500 ಘನ ಅಡಿ, ಅಂದರೆ ಐದು ಯುನಿಟ್ ಮಣ್ಣು. ಅಗೆದ ಮೇಲೆ ಉಬ್ಬಿ ಆರು ಯುನಿಟ್ಟಿಗೂ ಮೀರುತ್ತದೆ. ಆ ಮಣ್ಣನ್ನು ಯಾರು ಸಾಗಿಸುತ್ತಾರೆ, ಎಲ್ಲಿ ಹಾಕುತ್ತಾರೆ? ತಳಕ್ಕೇ 300 ಘನ ಅಡಿ ಗಟ್ಟಿಯಾದ ಜಲ್ಲಿ ಬೇಕು. ತರಿಸುವಾಗ ಅದು ನಾಲ್ಕು ಯುನಿಟ್ಟಿನ ಹತ್ತಿರ ಬರುತ್ತದೆ. ಫೋನಿನಲ್ಲಿ 62 ರೂಪಾಯಿ ಎಂದವರು ಇದನ್ನೆಲ್ಲ ಸೇರಿಸಿದ್ದಾರೆಂದು ನನಗೆ ನಂಬಿಕೆ ಇಲ್ಲ. ಮೇಲಿನ ಹುಲ್ಲು ಕೆತ್ತಿ, ಎರಡು ಇಂಚು ಜಲ್ಲಿಪುಡಿ ಹರಡಿ, ಅದರ ಮೇಲೆ ಬಿಲ್ಲೆ ಜೋಡಿಸಿ ಹೋಗುವ ಕೆಲಸಕ್ಕೆ ಆ ದರ ಸರಿಯಾಗಿಯೇ ಇದೆ.

ನಿಮ್ಮ ಜಾಗದ ನಿಜವಾದ ತೊಡಕು ಮಾತ್ರ ಬೇರೆ. ಅರ್ಧ ಮುರ, ಅರ್ಧ ತುಂಬಿಸಿದ ಮಣ್ಣು. ಮುರ ಇಳಿಯುವುದಿಲ್ಲ, ಗದ್ದೆಯ ಜೇಡಿಯ ಮೇಲೆ ಕೂತ ಮಣ್ಣು ಹನ್ನೆರಡು ಮಳೆಗಾಲ ಕಂಡಿದ್ದರೂ ನೀರು ಕುಡಿದಾಗ ಮೆತ್ತಗಾಗುತ್ತದೆ. ಎರಡೂ ಸೇರುವ ಗೆರೆಯಲ್ಲೇ ನೆಲ ಕುಸಿಯುವುದು. ಬಲ ಅರ್ಧಕ್ಕೆ ಜಲ್ಲಿಯ ತಳವನ್ನು ಆರರ ಬದಲು ಎಂಟು ಇಂಚು ಮಾಡಿಸಿ, ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿಸಿ. ಅದು ನೀರನ್ನು ಕೆಳಗೆ ಬಿಡುತ್ತದೆ, ಕೆಸರು ಮೇಲೆ ಬಂದು ಜಲ್ಲಿಯೊಂದಿಗೆ ಬೆರೆಯಲು ಬಿಡುವುದಿಲ್ಲ. ಅದರ ಬದಲಿಗೆ ಪ್ಲಾಸ್ಟಿಕ್ ಶೀಟ್ ಹಾಕುತ್ತೇವೆ ಎಂದರೆ ಒಪ್ಪಬೇಡಿ. ನೀರು ಅಲ್ಲೇ ಕಟ್ಟಿಕೊಳ್ಳುತ್ತದೆ. ಜಲ್ಲಿಯನ್ನು ಒಂದೇ ಸಲ ಸುರಿಯದೆ ಮೂರರಿಂದ ನಾಲ್ಕು ಇಂಚಿನ ಪದರಗಳಾಗಿ ಹರಡಿ, ನೀರು ಚಿಮುಕಿಸಿ, ಪ್ರತಿ ಪದರದ ಮೇಲೆ ಪ್ಲೇಟ್ ಕಂಪ್ಯಾಕ್ಟರ್ (ಅದುಮಿ ಗಟ್ಟಿಮಾಡುವ ಯಂತ್ರ) ಓಡಿಸಬೇಕು. ಎರಡನೆಯವರ ಹಾಳೆಯಲ್ಲಿ ಈ ತಳದ ವಿಚಾರ ಏನು ಬರೆದಿದೆ ಎಂದು ನೋಡಿ ಹೇಳಿ.

ಕುಲಶೇಖರದವಳು (ಮಂಗಳೂರು)

ಮೇಲಿನವರು ಹೇಳಿದ ‘ಸೇರುವ ಗೆರೆ’ ನಮ್ಮ ಮನೆಯಲ್ಲಿ ಹೇಗೆ ಕಾಣಿಸಿಕೊಂಡಿತೆಂದು ಬರೆಯುತ್ತೇನೆ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ, ಮಳೆ ಬರುವ ಮೊದಲು ಮುಗಿಸಬೇಕೆಂಬ ಗಡಿಬಿಡಿಯಲ್ಲಿ, ಪರಿಚಯದವರು ಹೇಳಿದರೆಂದು ಒಬ್ಬ ಗುತ್ತಿಗೆದಾರರಿಗೆ ಕೆಲಸ ಕೊಟ್ಟೆವು. ಬರಹದಲ್ಲಿ ಏನೂ ಇರಲಿಲ್ಲ. ಬಚ್ಚಲಿನ ನೀರಿಗೆ ಹೊಸ ಪೈಪು ಹಾಕಲು ಅಗೆದ ಕಣಿಯನ್ನು ಅದೇ ಸಡಿಲ ಮಣ್ಣಿನಿಂದ ಮುಚ್ಚಿ, ಮೇಲೆ ಬಕೆಟಿನಿಂದ ನೀರು ಸುರಿದು, ಎರಡು ದಿನದಲ್ಲಿ ಬಿಲ್ಲೆ ಜೋಡಿಸಿದರು. ಕಂಪ್ಯಾಕ್ಟರ್ ಎಂಬುದನ್ನು ನಾವು ನೋಡಲೇ ಇಲ್ಲ. ಹಾಸಿದ ದಿನ ಎಷ್ಟು ಚೆಂದ ಕಂಡಿತೆಂದರೆ, ಪೂರ್ತಿ ಹಣವನ್ನು ಅಂದೇ ಸಂಜೆ ಕೊಟ್ಟು, ಮೇಲಿಂದ ಹುಡುಗರಿಗೆ ಚಹಾ ತಿಂಡಿಗೆಂದು ಐನೂರು ರೂಪಾಯಿಯನ್ನೂ ಕೊಟ್ಟೆವು.

ಜೂನ್ ಎರಡನೇ ವಾರದ ಒಂದು ಬೆಳಗ್ಗೆ ಹಿಂಬಾಗಿಲು ತೆರೆದಾಗ, ಪೈಪು ಹೋದ ದಾರಿಗೆ ಸರಿಯಾಗಿ, ಯಾರೋ ಬೆರಳಿನಿಂದ ಗೆರೆ ಎಳೆದ ಹಾಗೆ, ಒಂದೂವರೆ ಇಂಚು ಆಳದ ತಗ್ಗು ಅಂಗಳದ ಉದ್ದಕ್ಕೂ ಬಿದ್ದಿತ್ತು. ಆ ತಗ್ಗಿನಲ್ಲಿ ತುಂಬಿದ ನೀರು ತೋಡಿನ ಕಡೆ ಹೋಗುವ ಬದಲು ಹಿಂದಕ್ಕೆ ಹರಿದು ಅಡುಗೆಮನೆಯ ಹೊಸ್ತಿಲು ದಾಟಿತ್ತು. ಅತ್ತೆ ಗೋಣಿಚೀಲ ಇಟ್ಟು ಅದನ್ನು ತಡೆಯುತ್ತಾ ಕೂತಿದ್ದರು. ಫೋನ್ ಮಾಡಿದರೆ ಸಿಕ್ಕಿದ ಉತ್ತರ, ‘ಮಳೆಗೆ ನಾವೇನು ಮಾಡಲಿಕ್ಕಾಗುತ್ತದೆ?’ ಎಂಬುದು. ಮೂರನೇ ಸಲ ಫೋನ್ ಎತ್ತಲಿಲ್ಲ. ಡಿಸೆಂಬರಿನಲ್ಲಿ ಬೇರೆಯವರನ್ನು ಕರೆಸಿ, ಗೆರೆಯ ಎರಡೂ ಬದಿಯ ಬಿಲ್ಲೆ ಕಿತ್ತು, ಕಣಿಯನ್ನು ಜಲ್ಲಿಯಿಂದ ತುಂಬಿಸಿ ಗಟ್ಟಿಮಾಡಿ ಪುನಃ ಹಾಸಿದೆವು. ಇಂಟರ್‌ಲಾಕಿನ ದೊಡ್ಡ ಉಪಕಾರ ಅದೊಂದೇ: ಕಿತ್ತು ಮತ್ತೆ ಹಾಸಬಹುದು. ಕಾಂಕ್ರೀಟ್ ಹಾಕಿದ್ದರೆ ಒಡೆಯಬೇಕಿತ್ತು.

ಆದ್ದರಿಂದ ನನ್ನ ಸಲಹೆ ಮೂರೇ ಮಾತಿನದು. ನೆಲದ ಕೆಳಗೆ ಹೋಗಬೇಕಾದ ಪೈಪು, ವಯರು ಎಲ್ಲವನ್ನೂ ಮೊದಲು ಹಾಕಿಸಿ, ಇಂದು ಬೇಡವೆಂದರೂ ಒಂದು ನಾಲ್ಕಿಂಚಿನ ಖಾಲಿ ಪಿವಿಸಿ ಪೈಪನ್ನು ಅಂಗಳದ ಅಡ್ಡಕ್ಕೆ ಹೂತಿಡಿಸಿ. ನಾಳೆ ತೋಟಕ್ಕೆ ದೀಪವೋ ನಳ್ಳಿಯೋ ಬೇಕೆನ್ನಿಸಿದರೆ ಅಗೆಯುವ ಪ್ರಮೇಯ ಬರುವುದಿಲ್ಲ. ಆ ಚೇಂಬರಿನ ಮುಚ್ಚಳವನ್ನು ಬಿಲ್ಲೆಯ ಕೆಳಗೆ ಮುಚ್ಚಿಬಿಡಲು ಬಿಡಬೇಡಿ. ಹಣವನ್ನು ಪೂರ್ತಿ ಕೊಡಬೇಡಿ.

ಹಾಸುಗಲ್ಲು (ಉಡುಪಿ)

ನಾನು ಇದೇ ಕೆಲಸ ಮಾಡುವ ಗುತ್ತಿಗೆದಾರ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಜರಡಿ ಹಿಡಿದೇ ಓದಿ. ಕುಲಶೇಖರದ ಅಕ್ಕನವರಿಗೆ ಆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇ ತಿಂಗಳಲ್ಲಿ ಬಂದು ‘ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ದಿನ) ಮುಗಿಸಿ ಕೊಡಿ’ ಎನ್ನುವ ಮನೆಯವರ ಸಂಖ್ಯೆಯೂ ಕಡಿಮೆ ಇಲ್ಲ. ಆಗ ಬಿಲ್ಲೆ ತಯಾರಿಸುವ ಯಾರ್ಡುಗಳಲ್ಲಿ ಹಳೆಯ ಸ್ಟಾಕ್ ಮುಗಿದಿರುತ್ತದೆ, ನಾಲ್ಕೈದು ದಿನದ ಹಸಿ ಬಿಲ್ಲೆಯನ್ನೇ ಲೋಡು ಮಾಡಿ ಕಳುಹಿಸುತ್ತಾರೆ. ಸಿಮೆಂಟಿನ ಮಾಲು ಬಲಿಯಲು 28 ದಿನದ ಲೆಕ್ಕ ಇರುವುದು ಸುಮ್ಮನೆ ಅಲ್ಲ. ಬ್ರಹ್ಮಾವರದವರು ನವೆಂಬರಿನಲ್ಲೇ ವಿಚಾರಿಸುತ್ತಿರುವುದು ಒಳ್ಳೆಯದಾಯಿತು. ಡಿಸೆಂಬರಿನಲ್ಲಿ ಅಗೆತ, ಜನವರಿಯಲ್ಲಿ ಹಾಸು ಎಂದು ಇಟ್ಟುಕೊಳ್ಳಿ. ಮಾರ್ಚ್‌ಗೆ ತಳ್ಳಿದರೆ ಹೋಳಿಗೆಂದು ಬಿಹಾರಕ್ಕೆ, ಯುಗಾದಿಗೆಂದು ಉತ್ತರ ಕರ್ನಾಟಕಕ್ಕೆ ಹೋದ ಹುಡುಗರು ಯಾವಾಗ ಮರಳುತ್ತಾರೆಂದು ನಾನೂ ಹೇಳಲಾರೆ, ನೀವು ಗೊತ್ತುಮಾಡಿದವರೂ ಹೇಳಲಾರರು.

ಬಿಲ್ಲೆಯ ಆಯ್ಕೆ ಬಗ್ಗೆ. ಮಳೆ ಬಿದ್ದ ಹಾಗೆ ಹೊಳೆಯುವ, ಕೆಂಪು ಹಳದಿ ಬಣ್ಣದ ಬಿಲ್ಲೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು, ಮೇಲೆ ಲ್ಯಾಕರ್ ಬಳಿದಿರುತ್ತಾರೆ. ಅಂಗಡಿಯಲ್ಲಿ ಚೆಂದ, ಪಾಚಿ ಹಿಡಿದ ಮೇಲೆ ಬೆಣ್ಣೆ. ಅಪ್ಪಯ್ಯ ನಡೆದಾಡುವ ಜಾಗಕ್ಕೆ ಯಂತ್ರದಲ್ಲಿ ಒತ್ತಿ ತೆಗೆದ, ಮೈ ತರಿತರಿಯಾದ ಬೂದು ಬಿಲ್ಲೆಯೇ ಆಗಬೇಕು. ಬಿಲ್ಲೆಗಳ ಭಾರತೀಯ ಮಾನಕ ಐಎಸ್ 15658ರ 2006ರ ಆವೃತ್ತಿ ವಾಹನ ಬಾರದ ಜಾಗಕ್ಕೆ 50 ಮಿ.ಮೀ. ದಪ್ಪದ ಎಂ-30 ಬಿಲ್ಲೆ (ಎಂ ಎಂದರೆ ಕಾಂಕ್ರೀಟಿನ ಬಲದ ದರ್ಜೆ), ಹಗುರ ವಾಹನ ಬರುವಲ್ಲಿಗೆ 60 ಮಿ.ಮೀ. ದಪ್ಪದ ಎಂ-35 ಬಿಲ್ಲೆ ಎಂದು ಹೇಳುತ್ತದೆ. ಹಿತ್ತಲಿಗೆ 50 ಸಾಕಾಗುತ್ತಿತ್ತು, ಆದರೆ ಮದುವೆಗೆ ಅಡುಗೆಯವರ ಪಿಕಪ್ ಹಿಂದಕ್ಕೆ ಬಂದು ನಿಲ್ಲುವುದಂತೂ ಖಂಡಿತ, 60ಕ್ಕೇ ಹೋಗಿ. ದಪ್ಪದಲ್ಲಿ ಮೋಸವಾಗಿದೆಯೇ ಎಂದು ನೋಡಲು ಯಂತ್ರ ಬೇಡ: 60 ಮಿ.ಮೀ.ಯ ಬಿಲ್ಲೆ ಒಂದು ಚದರ ಅಡಿಗೆ ಹದಿಮೂರು ಕಿಲೋ ಆಸುಪಾಸು ತೂಗಬೇಕು. ಲೋಡು ಇಳಿಸುವಾಗ ನಡುವಿನಿಂದ ನಾಲ್ಕು ಬಿಲ್ಲೆ ತೆಗೆದು ತೂಗಿ. ಎರಡನ್ನು ಒಂದಕ್ಕೊಂದು ತಾಗಿಸಿ. ಬಲಿತ ಬಿಲ್ಲೆ ಖಣ್ ಎನ್ನುತ್ತದೆ, ಹಸಿಯದ್ದು ಡಬ್ ಎನ್ನುತ್ತದೆ.

ಚಪ್ಪಡಿ ಕಲ್ಲಿನ ಬಗ್ಗೆಯೂ ಕೇಳಿದ್ದೀರಿ. ಕಲ್ಲಿನಲ್ಲಿ ತಪ್ಪು ಹುಡುಕುವಂತಿಲ್ಲ. ಕಾರ್ಕಳದ ಗೊಮ್ಮಟ 1432ರಿಂದ ಮಳೆಯಲ್ಲಿ ನಿಂತಿದ್ದಾನೆ. ಅಂಗಳದಲ್ಲಿ ಕೆಡುವುದೆಲ್ಲ ಕಲ್ಲಿನ ಕೆಳಗೆ. ಚಪ್ಪಡಿ ಅಗಲವಾಗಿರುವುದರಿಂದ ಒಂದು ಮೂಲೆ ಕುಸಿದರೂ ಇಡೀ ಕಲ್ಲು ಎದ್ದು ಎಡವಲು ಸಿಗುತ್ತದೆ, ನಡುವಿನ ಹುಲ್ಲಿಗೆ ಬೇಸಿಗೆಯಲ್ಲಿ ದಿನವೂ ನೀರು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿ ಬೇಕು. ಕೆಲವರು ಕೆಂಪುಕಲ್ಲನ್ನೇ ಹಾಸಲು ಕೇಳುತ್ತಾರೆ. ಗೋಡೆಗೆ ಅದರಷ್ಟು ಒಳ್ಳೆಯದು ಬೇರೊಂದಿಲ್ಲ, ಆದರೆ ನೆಲಕ್ಕೆ ಹಾಸಿದರೆ ನೀರು ಕುಡಿದು ಕುಡಿದು ಆಗಸ್ಟ್ ಹೊತ್ತಿಗೆ ಹಸಿರಾಗಿ ನಿಲ್ಲುತ್ತದೆ. ನಿಮ್ಮ ಅಪ್ಪಯ್ಯ ಜಾರಿದ್ದು ಅದರ ಮೇಲೆಯೇ ಅಲ್ಲವೆ?

ಮಣಿಪಾಲದ ಹಿರಿಯರು ಬಿಲ್ಲೆಯ ಕೆಳಗಿನ ಹಾಸಿಗಾಗಿ ಏನು ಬಳಸಬೇಕೆಂದು ಹೇಳಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಜಲ್ಲಿಪುಡಿ ಹಾಕುತ್ತಾರೆ, ಅಗ್ಗ ಎಂದು. ಅದರ ಹಿಟ್ಟಿನಂಥ ನುಣುಪು ಪುಡಿ ಮಳೆಯಲ್ಲಿ ಕೆಸರಾಗಿ ನೀರನ್ನು ತಡೆಯುತ್ತದೆ. ನಾನು 6 ಮಿ.ಮೀ. ಬೇಬಿ ಜಲ್ಲಿ ಹಾಕುತ್ತೇನೆ. ನೀರು ನಿಲ್ಲುವುದಿಲ್ಲ, ಇರುವೆಗಳು ಹೊತ್ತೊಯ್ಯುವುದಿಲ್ಲ. ಹಾಸಿದ ಜಾಗದ ಸುತ್ತ ಕಾಂಕ್ರೀಟಿನ ಅಂಚುಪಟ್ಟಿ ಇರಲೇಬೇಕು, ಇಲ್ಲವಾದರೆ ಬಿಲ್ಲೆಗಳು ಮಳೆಗಾಲಕ್ಕೆ ಒಂದಿಷ್ಟರಂತೆ ಹೊರಕ್ಕೆ ಸರಿದು ನಡುವೆ ಬಾಯಿ ಬಿಡುತ್ತವೆ. 62 ರೂಪಾಯಿಯ ದರದಲ್ಲಿ ಮೊದಲು ಮಾಯವಾಗುವುದು ಈ ಪಟ್ಟಿಯೇ. ಅದನ್ನು ಚದರ ಅಡಿಯಲ್ಲಿ ಸೇರಿಸಿದ್ದಾರೋ, ರನ್ನಿಂಗ್ ಫೀಟ್ (ಉದ್ದದ ಅಡಿ) ಲೆಕ್ಕದಲ್ಲಿ ಬೇರೆ ಹಾಕುತ್ತಾರೋ ಎಂದು ಕೇಳಿ. ಮರದ ಸುತ್ತ ಬಿಲ್ಲೆ ಕತ್ತರಿಸುವ ಕೂಲಿ, ಮಣ್ಣು ಸಾಗಾಟ, 18 ಶೇಕಡಾ ಜಿಎಸ್‌ಟಿ, ಇವೆಲ್ಲ ‘ಎಲ್ಲ ಸೇರಿ’ ಎಂಬ ಮಾತಿನೊಳಗೆ ಇವೆಯೋ ಹೊರಗೆ ಇವೆಯೋ ಎಂಬುದು ಬಿಲ್ಲು ಬಂದಾಗಲೇ ತಿಳಿಯುವಂತಾಗಬಾರದು.

ಹಣದ ವಿಚಾರ: ಅರ್ಧ ಮುಂಗಡ ಕೊಡಬೇಡಿ. ಕರಾರು ಬರೆದ ದಿನ ಕಾಲು ಭಾಗ, ಜಲ್ಲಿಯ ತಳ ಗಟ್ಟಿಯಾಗಿ ನೀವು ಕೋಲಿಟ್ಟು ಆಳ ಅಳೆದ ಮೇಲೆ ಇನ್ನು ಕಾಲು ಭಾಗ, ಹಾಸಿ ಮುಗಿದ ಮೇಲೆ ಉಳಿದದ್ದು ಎಂದರೆ ಸರಿಯಾದ ಗುತ್ತಿಗೆದಾರ ಬೇಡ ಎನ್ನುವುದಿಲ್ಲ. ಜುಲೈ ಕೊನೆಯವರೆಗೆ ಒಂದಿಷ್ಟು ಹಿಡಿದಿಡುವುದಕ್ಕೂ ನನ್ನ ವಿರೋಧವಿಲ್ಲ, ಅದು ಶೇಕಡಾ ಹತ್ತನ್ನು ಮೀರದಿದ್ದರೆ. ಕಾಲು ಭಾಗ ಹಿಡಿದಿಟ್ಟು, ಮಳೆ ಮುಗಿದ ಮೇಲೆ ‘ಇಲ್ಲೊಂದು ಬಿಲ್ಲೆಯ ಬಣ್ಣ ಮಾಸಿದೆ’ ಎಂದು ನೆಪ ಹೇಳಿದ ಮನೆಯವರೂ ನನಗೆ ಸಿಕ್ಕಿದ್ದಾರೆ. ಅದಕ್ಕಾಗಿ ಯಾವುದು ದೋಷ ಎಂಬುದನ್ನೂ ಬರೆದಿಡಿ: ಅರ್ಧ ಇಂಚಿಗಿಂತ ಹೆಚ್ಚು ಕುಸಿದರೆ, ಮಳೆ ನಿಂತು ಒಂದು ಗಂಟೆಯ ಮೇಲೂ ನೀರು ನಿಂತಿದ್ದರೆ, ಬಿಲ್ಲೆ ಒಡೆದರೆ, ಉಚಿತವಾಗಿ ಸರಿಪಡಿಸಬೇಕು ಎಂದು. ಅಷ್ಟಿದ್ದರೆ ಇಬ್ಬರಿಗೂ ಜಗಳಕ್ಕೆ ಎಡೆ ಇರುವುದಿಲ್ಲ.

ಮಲ್ಲಿಗೆ ಹಿತ್ತಲು (ಶಂಕರಪುರ)

ಎಲ್ಲರೂ ಹೇಗೆ ಹಾಸಬೇಕೆಂದು ಹೇಳಿದಿರಿ, ಎಷ್ಟು ಹಾಸಬೇಕೆಂದು ಯಾರೂ ಕೇಳಲಿಲ್ಲ. 600 ಚದರ ಅಡಿಯೂ ಯಾಕೆ? ನಮ್ಮಲ್ಲಿ ಪೂರ್ತಿ ಹಾಸಿ, ಮಾರನೆಯ ಏಪ್ರಿಲ್‌ನಲ್ಲಿ ಪಶ್ಚಾತ್ತಾಪ ಪಟ್ಟೆವು. ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಇಳಿಯಲು ಸಾಧ್ಯವಿಲ್ಲ, ರಾತ್ರಿ ಎಂಟರವರೆಗೂ ಅಡುಗೆಮನೆಯೊಳಗೆ ಬಿಸಿ ಬಡಿಯುತ್ತದೆ. ಹಪ್ಪಳ ಸಂಡಿಗೆ ಒಣಗಿಸಲು ಅದು ಅಮ್ಮನಿಗೆ ಖುಷಿ ಕೊಡಬಹುದು. ಸಂಜೆ ಕುರ್ಚಿ ಹಾಕಿ ಕೂರುವವರಿಗೆ ಅಲ್ಲ. ಗೋಡೆಯಿಂದ ಹನ್ನೆರಡು ಅಡಿಯವರೆಗೆ ಹಾಸಿ, ಒಗೆಯುವ ಕಲ್ಲಿಗೂ ಬಾವಿಗೂ ನಾಲ್ಕು ಅಡಿ ಅಗಲದ ದಾರಿ ಮಾಡಿ, ಉಳಿದದ್ದನ್ನು ಮಣ್ಣಾಗಿಯೇ ಬಿಟ್ಟರೆ ನಾಲ್ಕು ಮಲ್ಲಿಗೆ ಗಿಡಕ್ಕೆ ಜಾಗವಾಗುತ್ತದೆ, ನೀರೂ ಅಲ್ಲೇ ಇಂಗುತ್ತದೆ.

ಮಾವಿನ ಮರದ ಬೇರು ಮೇಲ್ಮೈಗೆ ಬರುವ ಜಾತಿಯದು; ನಮ್ಮ ಹಲಸಿನ ಬೇರು ಮೂರು ವರ್ಷದಲ್ಲಿ ಆರು ಬಿಲ್ಲೆಗಳನ್ನು ಎತ್ತಿ ಗುಡ್ಡ ಮಾಡಿದೆ. ಆ ಮೂಲೆಯನ್ನು ಹಾಸುವುದೇ ಬೇಡ. ತೆಂಗಿನ ಬೇರು ದಾರದಂತೆ ಹರಡುವುದರಿಂದ ನೆಲ ಎತ್ತುವುದಿಲ್ಲ, ಆದರೆ ಬುಡಕ್ಕೆ ನೀರು ಗೊಬ್ಬರ ಬೇಕಲ್ಲ, ಸುತ್ತ ನಾಲ್ಕು ಅಡಿ ಬಿಡಿ. ಕಾಯಿ, ಮಡಲು ಬೀಳುವ ಮರದಡಿಯಲ್ಲಿ ಕುರ್ಚಿ ಇಡುವ ಯೋಚನೆಯೂ ಬೇಡ.

ಹಿತ್ತಲಬಾಗಿಲು (ಬ್ರಹ್ಮಾವರ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಎರಡನೆಯವರ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. ‘ಜಲ್ಲಿ ಬೆಡ್ 4 ಇಂಚು’ ಎಂದಷ್ಟೇ ಇತ್ತು, ಅಂಚುಪಟ್ಟಿಯ ಪ್ರಸ್ತಾಪವಿತ್ತು, ಮಣ್ಣು ಸಾಗಾಟದ ಪ್ರಸ್ತಾಪವಿರಲಿಲ್ಲ. ಅವರನ್ನು ಪುನಃ ಕರೆಸಿದೆ. ತುಂಬಿಸಿದ ಮಣ್ಣಿನ ಕಡೆ ಎಂಟು ಇಂಚು ಜಲ್ಲಿ ಮತ್ತು ಬಟ್ಟೆ ಎಂದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿ, ‘ಯಾರು ಹೇಳಿದ್ದು ನಿಮಗೆ?’ ಎಂದು ಕೇಳಿ ನಕ್ಕರು. ಆಮೇಲೆ ತಾವೇ ಹಾರೆ ತೆಗೆದುಕೊಂಡು ಮೂರು ಕಡೆ ಅಗೆದು ನೋಡಿದರು. ಬಲಗಡೆ ಒಂದೂವರೆ ಅಡಿಗೇ ಹಾರೆ ಸರಕ್ಕನೆ ಇಳಿಯಿತು. ಕೊನೆಗೆ ಬಂದದ್ದು ಮೆತ್ತನೆಯ ಕಪ್ಪು ಜೇಡಿ. ಈಗ ದರ ಅಡಿಗೆ 104 ಆಗಿದೆ, ಆದರೆ ಜಾಗವನ್ನು 400 ಚದರ ಅಡಿಗೆ ಇಳಿಸಿದ್ದೇವೆ, ಹಾಗಾಗಿ ಒಟ್ಟು 41,600 ರೂಪಾಯಿ. ಮೊದಲಿನ 600 ಅಡಿಗೆ ಅವರೇ ಹೇಳಿದ್ದ 52,800ಕ್ಕಿಂತ ಕಡಿಮೆಯೇ ಆಯಿತು. ಮಾಡಿನ ದಂಬೆಯ ಕೆಲಸ ಬೇರೆಯವರಿಂದ ಮಾಡಿಸುತ್ತೇನೆ. ಅಂಗಳದ ಅಂಚಿಗೆ ಬರುವ ನೀರು ಪಕ್ಕದ ಮನೆಯವರ ಕಾಂಪೌಂಡ್ ಕಡೆ ಹೋಗದಂತೆ, ಗದ್ದೆಯ ಹಳೆಯ ತೋಡಿಗೆ ಸೇರುವಂತೆ ಕಾಲುವೆಯ ಗುರುತನ್ನು ದಾರ ಕಟ್ಟಿ, ನೀರಿನ ಪೈಪ್ ಹಿಡಿದು ಮಟ್ಟ ನೋಡಿ ಹಾಕಿ ಆಗಿದೆ.

ಶೇಕಡಾ ಹತ್ತು ಹಿಡಿದಿಡಲು ಅವರು ಒಪ್ಪಲಿಲ್ಲ, ಐದಕ್ಕೆ ಒಪ್ಪಿದರು. ದೋಷದ ವಿವರ ಬರೆಯಲು ಮಾತ್ರ ಕೂಡಲೇ ಒಪ್ಪಿದರು. ಒಂದು ಸಂದೇಹ ಉಳಿದಿದೆ. ಮೆಹಂದಿಗೆ ಚಪ್ಪರ ಹಾಕುವವರು ಕಬ್ಬಿಣದ ಗೂಟಗಳನ್ನು ನೆಲಕ್ಕೆ ಹೊಡೆಯುತ್ತಾರಲ್ಲವೆ? ಹೊಸ ಅಂಗಳದ ಮೇಲೆ ಅದು ಹೇಗೆ?

ಹಾಸುಗಲ್ಲು (ಉಡುಪಿ)

ಒಳ್ಳೆಯ ಪ್ರಶ್ನೆ, ಹೆಚ್ಚಿನವರಿಗೆ ಇದು ಹೊಳೆಯುವುದು ಗೂಟ ಹೊಡೆದು ಬಿಲ್ಲೆ ಒಡೆದ ಮೇಲೆ. ಐದು ಶೇಕಡಾ ಸಾಕು, ಅದರ ಬಗ್ಗೆ ಎಳೆದಾಡಬೇಡಿ. ಚಪ್ಪರದವರನ್ನು ಈಗಲೇ ಕೇಳಿ ಅವರ ಕಂಬದ ದಪ್ಪ, ಕಂಬಗಳ ನಡುವಿನ ಅಂತರ ತಿಳಿದುಕೊಳ್ಳಿ. ಆ ಜಾಗಗಳಲ್ಲಿ, ಸಾಧ್ಯವಾದಷ್ಟು ಅಂಚುಪಟ್ಟಿಯ ಪಕ್ಕದಲ್ಲೇ, ಕಂಬ ಸಡಿಲವಾಗಿ ಇಳಿಯುವ ಅಳತೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಒಂದೂವರೆ ಅಡಿ ತುಂಡುಗಳನ್ನು ಕಾಂಕ್ರೀಟಿನಲ್ಲಿ ನೆಟ್ಟಗೆ ಕೂರಿಸಿ, ಬಾಯಿ ಬಿಲ್ಲೆಯ ಮಟ್ಟಕ್ಕೆ ಬರಲಿ, ಮೇಲೆ ಮುಚ್ಚಳ ಹಾಕಿಸಿ. ಚಪ್ಪರಕ್ಕೂ ಆಯಿತು, ಮುಂದೆ ಬಟ್ಟೆ ಒಣಗಿಸುವ ತಂತಿಯ ಕಂಬಕ್ಕೂ ಆಯಿತು.

ನೀರುಮಟ್ಟ (ಮಣಿಪಾಲ)

ಆ ಪೈಪು ತುಂಡುಗಳ ತಳವನ್ನು ಕಾಂಕ್ರೀಟಿನಿಂದ ಮುಚ್ಚಲು ಬಿಡಬೇಡಿ; ತಳ ತೆರೆದಿದ್ದು, ಕೆಳಗೆ ಒಂದು ಬುಟ್ಟಿ ಜಲ್ಲಿ ಇರಲಿ. ಇಲ್ಲವಾದರೆ ಮುಚ್ಚಳ ಕಳೆದುಹೋದ ವರ್ಷ ಒಂದೊಂದರಲ್ಲೂ ಮಳೆನೀರು ನಿಂತು ಸೊಳ್ಳೆ ಸಾಕಿದ ಹಾಗಾಗುತ್ತದೆ. ಮತ್ತು ಜನವರಿಯಲ್ಲಿ ಹಾಸಿ ಮುಗಿದ ದಿನ, ಕೊನೆಯ ಕಂತು ಕೊಡುವ ಮೊದಲು, ಬಾವಿಯ ಪಂಪಿನ ಪೈಪನ್ನು ಗೋಡೆಯ ಬುಡದಲ್ಲಿ ಇಟ್ಟು ಹತ್ತು ನಿಮಿಷ ನೀರು ಬಿಡಿ. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಸುಣ್ಣದಿಂದ ಗುರುತು ಹಾಕಿ, ಅವರು ಊರಿನಲ್ಲಿರುವಾಗಲೇ ಎತ್ತಿಸಿ ಸರಿಮಾಡಿಸಿ.